ಅರಸೊತ್ತಿಗೆಯ ಅಳಿವು-ಉಳಿವು

ನಮ್ಮ ಅಜ್ಜಿಯರು ಹೇಳುವ ಕಥೆಗಳು ಸಾಮಾನ್ಯವಾಗಿ ರಾಜನಿಂದಲೇ ಮೊದಲಾಗುತ್ತವೆ. ‘ಒಂದಾನೊಂದು ಕಾಲದಲ್ಲಿ ಒಬ್ಬ ರಾಜನಿದ್ದ’ ಎಂದೊಡನೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಆ ರಾಜ ಒಳ್ಳೆಯವನಾಗಿದ್ದರೆ ರಾಜ್ಯದಲ್ಲಿ ಕಾಲಕಾಲಕ್ಕೆ ಮಳೆಯಾಗುತ್ತದೆ, ಬೆಳೆಯಾಗುತ್ತದೆ. ಕೆಟ್ಟವನಾಗಿದ್ದರೆ ಪ್ರಜೆಗಳು ಕಣ್ಣೀರಿಡುತ್ತಾರೆ. ಕಥೆಯಲ್ಲಿ ಪ್ರಜೆಗಳಿಗಿರುವ ಕೆಲಸ ಎರಡೇ: ಹರಸುವುದು, ಇಲ್ಲವೆ ಮೊರೆಯಿಡುವುದು. ರಾಜನನ್ನು ಆರಿಸುವ ಕೆಲಸ ಅವರದಲ್ಲ. ಪಟ್ಟದಾನೆ ಯಾರ ಕೊರಳಿಗೆ ಹಾರ ಹಾಕಿತೋ ಅವನೇ ರಾಜನಾದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅಲ್ಲಿ ಆನೆಗಿರುವ ಅಧಿಕಾರವೂ ಜನರಿಗಿಲ್ಲ!

ಕಥೆಯ ಕಾಲ ಹೋಯಿತು. ಆದರೆ ರಾಜರು ಸಂಪೂರ್ಣವಾಗಿ ಹೋಗಿಲ್ಲ. ಇಂದಿಗೂ ಲೋಕದ ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ರಾಷ್ಟ್ರದ ಮುಖ್ಯಸ್ಥರ ಪದವಿ ವಂಶದಿಂದ ಬಂದ ದೊರೆಗಳದೇ ಆಗಿದೆ. ರೈಲು, ವಿಮಾನ, ಗಣಕಯಂತ್ರಗಳ ಈ ಯುಗದಲ್ಲಿ, ಮನುಷ್ಯರೆಲ್ಲರೂ ಸಮಾನರೆಂದು ಸಾರುವ ಈ ಕಾಲದಲ್ಲಿ, ಹುಟ್ಟಿನಿಂದ ಬರುವ ಸಿಂಹಾಸನಕ್ಕೆ ಸ್ಥಾನವುಂಟೇ? ಉಂಟಾದರೆ ಎಷ್ಟು ಕಾಲ, ಯಾವ ರೂಪದಲ್ಲಿ? ಈ ಪ್ರಶ್ನೆಯನ್ನು ದೂರದ ದೇಶಗಳ ಕುತೂಹಲವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಉತ್ತರದ ಗಡಿಗೆ ಹೊಂದಿಕೊಂಡ ಎರಡು ದೇಶಗಳು ಇತ್ತೀಚೆಗಷ್ಟೇ ಇದಕ್ಕೆ ಎರಡು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ.

ಅರಸೊತ್ತಿಗೆ ಹುಟ್ಟಿದ್ದು ಅಕಾರಣವಾಗಿ ಅಲ್ಲ. ಬಲ್ಲಿದನು ಬಡವನನ್ನು ತುಳಿಯದಂತೆ, ಹೊರಗಿನ ಶತ್ರು ಬೆಳೆದ ಪೈರನ್ನು ದೋಚದಂತೆ ಕಾಯಲು ಒಬ್ಬ ಸಮರ್ಥನು ಬೇಕಾಗಿದ್ದನು. ಅವನಿಗೆ ಜನ ಬೆಳೆಯ ಒಂದು ಪಾಲನ್ನು ಕೊಟ್ಟರು. ಕಾಲಕ್ರಮದಲ್ಲಿ ಆ ಪದವಿ ತಂದೆಯಿಂದ ಮಗನಿಗೆ ಸಲ್ಲತೊಡಗಿತು. ಅರಸನು ದೇವರ ಅಂಶವೆಂಬ ನಂಬಿಕೆಯೂ ಬೆಳೆಯಿತು. ಕಾಯುವವನಾಗಿ ಬಂದವನು ಒಡೆಯನಾದನು. ಈ ನಂಬಿಕೆ ಗಟ್ಟಿಯಾಗಿದ್ದಷ್ಟು ಕಾಲ ಸಿಂಹಾಸನವೂ ಗಟ್ಟಿಯಾಗಿತ್ತು. ವಿದ್ಯೆ ಹರಡಿ, ಪತ್ರಿಕೆಗಳು ಬೆಳೆದು, ತೆರಿಗೆ ಕೊಡುವವನು ಲೆಕ್ಕ ಕೇಳತೊಡಗಿದಾಗ ಅದು ಅಲುಗಾಡಿತು. 1912ರಲ್ಲಿ ಚೀನಾದ ಚಕ್ರವರ್ತಿ ಪಟ್ಟ ಬಿಟ್ಟನು. 1917ರಲ್ಲಿ ರಷ್ಯದ ಚಕ್ರವರ್ತಿಯೂ 1918ರಲ್ಲಿ ಜರ್ಮನಿ, ಆಸ್ಟ್ರಿಯಾಗಳ ಚಕ್ರವರ್ತಿಗಳೂ ಪದಚ್ಯುತರಾದರು. ಉಳಿದ ಅರಸರು ಉಳಿದದ್ದು ಹೇಗೆ ಎಂಬುದನ್ನು ತಿಳಿಯಲು ನೇಪಾಳ, ಭೂತಾನಗಳ ಚರಿತ್ರೆಯನ್ನು ಒಟ್ಟಿಗಿರಿಸಿ ನೋಡಬೇಕು.

ನೇಪಾಳದ ಶಾಹ ಮನೆತನದ ಆಳ್ವಿಕೆ ಹಳೆಯದು. ಗೂರ್ಖಾ ಎಂಬ ಸಣ್ಣ ರಾಜ್ಯದ ಅರಸನಾಗಿದ್ದ ಪೃಥ್ವೀನಾರಾಯಣ ಶಾಹನು 1768ರಲ್ಲಿ ಕಠ್ಮಂಡುವನ್ನು ಗೆದ್ದು ಇಂದಿನ ನೇಪಾಳಕ್ಕೆ ತಳಹದಿ ಹಾಕಿದನು. 1846ರಿಂದ 1951ರವರೆಗೆ ರಾಣಾ ಮನೆತನದ ಮಂತ್ರಿಗಳು ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲಿಟ್ಟುಕೊಂಡಿದ್ದರು. ಆ ಬಳಿಕ 1959ರಲ್ಲಿ ಆ ದೇಶದ ಮೊದಲ ಮಹಾಚುನಾವಣೆ ನಡೆದು ಬಿ. ಪಿ. ಕೊಯಿರಾಲ ಅವರು ಪ್ರಧಾನಮಂತ್ರಿಗಳಾದರು. ಆದರೆ ಮರುವರ್ಷದ ಡಿಸೆಂಬರಿನಲ್ಲಿಯೇ ದೊರೆ ಮಹೇಂದ್ರರು ಆ ಸರ್ಕಾರವನ್ನು ವಜಾಮಾಡಿ, ಪ್ರಧಾನಮಂತ್ರಿಯನ್ನು ಸೆರೆಯಲ್ಲಿಟ್ಟು, ಪಕ್ಷಗಳನ್ನೆಲ್ಲ ನಿಷೇಧಿಸಿದರು. ಸುಮಾರು ಮೂವತ್ತು ವರ್ಷಗಳ ತರುವಾಯ, 1990ರಲ್ಲಿ, ಜನ ಬೀದಿಗಿಳಿದಾಗ ದೊರೆ ಬೀರೇಂದ್ರರು ಮಣಿದು ಬಹುಪಕ್ಷ ಪದ್ಧತಿಗೂ ಹೊಸ ಸಂವಿಧಾನಕ್ಕೂ ಒಪ್ಪಿದರು. ಅವರ ಬಗ್ಗೆ ಜನರಿಗೆ ಮತ್ತೆ ಆದರ ಮೂಡಿತು.

2001ರ ಜೂನ್ 1ರ ರಾತ್ರಿ ಅರಮನೆಯೊಳಗೆ ಗುಂಡುಗಳು ಹಾರಿದವು. ದೊರೆ, ರಾಣಿ ಹಾಗೂ ಮನೆತನದ ಹಲವರು ಹತರಾದರು. ಗುಂಡು ಹಾರಿಸಿದವನು ಯುವರಾಜ ದೀಪೇಂದ್ರನೇ ಎಂದು ವಿಚಾರಣಾ ಸಮಿತಿ ವರದಿ ಮಾಡಿತು. ಆದರೆ ಅಷ್ಟರೊಳಗೆ ವಂಶಪರಂಪರೆಯ ನಿಯಮ ತನ್ನ ಕೆಲಸ ಮಾಡಿಯಾಗಿತ್ತು. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ಆ ಯುವರಾಜನನ್ನೇ ರಾಜನೆಂದು ಘೋಷಿಸಲಾಗಿತ್ತು. ಜೂನ್ 4ರಂದು ಅವನು ತೀರಿಕೊಳ್ಳುವವರೆಗೆ ನೇಪಾಳಕ್ಕೆ ಅವನೇ ದೊರೆ. ಹುಟ್ಟೊಂದನ್ನೇ ಅರ್ಹತೆಯೆಂದು ಹಿಡಿದರೆ ಒಂದು ದೇಶ ಎಲ್ಲಿಗೆ ಬಂದು ನಿಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಕಿಲ್ಲ.

ಅನಂತರ ಪಟ್ಟಕ್ಕೆ ಬಂದವರು ಬೀರೇಂದ್ರರ ತಮ್ಮ ಜ್ಞಾನೇಂದ್ರರು. ಆಗ ದೇಶದಲ್ಲಿ ಮಾವೋವಾದಿಗಳ ಸಶಸ್ತ್ರ ಬಂಡಾಯ ನಡೆಯುತ್ತಿತ್ತು. ರಾಜಕೀಯ ಪಕ್ಷಗಳು ತಮ್ಮ ತಮ್ಮೊಳಗೆ ಕಚ್ಚಾಡುತ್ತಿದ್ದವು. 2005ರ ಫೆಬ್ರವರಿ 1ರಂದು ದೊರೆ ಸರ್ಕಾರವನ್ನು ವಜಾಮಾಡಿ, ತುರ್ತುಪರಿಸ್ಥಿತಿ ಸಾರಿ, ಆಡಳಿತವನ್ನು ನೇರವಾಗಿ ತಾವೇ ವಹಿಸಿಕೊಂಡರು. ತಂದೆ ಮಹೇಂದ್ರರು ನಡೆದ ದಾರಿ ಅದು. ಆದರೆ ಕಾಲ ಬದಲಾಗಿತ್ತು. 2006ರ ಏಪ್ರಿಲಿನಲ್ಲಿ 19 ದಿನಗಳ ಕಾಲ ನಡೆದ ಜನಾಂದೋಲನದ ಮುಂದೆ ಅರಮನೆ ತಲೆಬಾಗಬೇಕಾಯಿತು. 2008ರ ಮೇ 28ರಂದು ಸಂವಿಧಾನ ಸಭೆ ನೇಪಾಳವನ್ನು ಗಣರಾಜ್ಯವೆಂದು ಘೋಷಿಸಿತು. ಪರವಾಗಿ 560 ಮತಗಳು, ವಿರುದ್ಧವಾಗಿ ಕೇವಲ 4. ಜ್ಞಾನೇಂದ್ರರು ನಾರಾಯಣಹಿಟಿ ಅರಮನೆಯನ್ನು ಬಿಟ್ಟು ಸಾಮಾನ್ಯ ಪ್ರಜೆಯಾಗಿ ಹೊರಬಂದರು. ಅರಮನೆ ವಸ್ತುಸಂಗ್ರಹಾಲಯವಾಯಿತು. ಇಂಗ್ಲೆಂಡಿನಲ್ಲಿ 1649ರಲ್ಲಿ, ಫ್ರಾನ್ಸಿನಲ್ಲಿ 1793ರಲ್ಲಿ ಅರಸರ ತಲೆಗಳೇ ಉರುಳಿದ್ದವು. ಇಲ್ಲಿ ಅರಸನ ಕೂದಲೂ ಕೊಂಕಲಿಲ್ಲ ಎಂಬುದು ನೇಪಾಳದ ಜನತೆಗೆ ಭೂಷಣ.

ಅದೇ ವರ್ಷ ಭೂತಾನದಲ್ಲಿ ನಡೆದದ್ದನ್ನು ಈಗ ನೋಡೋಣ. ಎಂಟು ಲಕ್ಷಕ್ಕಿಂತಲೂ ಕಡಿಮೆ ಜನಸಂಖ್ಯೆಯ ಈ ಪುಟ್ಟ ದೇಶದಲ್ಲಿ ವಾಂಗ್‌ಚುಕ್ ಮನೆತನದ ಅರಸೊತ್ತಿಗೆ ಆರಂಭವಾದದ್ದು 1907ರಲ್ಲಿ. ನಾಲ್ಕನೆಯ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಅವರು 1972ರಲ್ಲಿ ಪಟ್ಟಕ್ಕೆ ಬಂದಾಗ ಅವರಿಗಿನ್ನೂ ಹದಿನಾರು ವರ್ಷ. ಅವರನ್ನು ಜನ ಪ್ರೀತಿಸುತ್ತಿದ್ದರು. ಅಧಿಕಾರ ಬಿಡಿ ಎಂದು ಕೇಳುವ ದೊಡ್ಡ ಚಳವಳಿಯೇನೂ ರಾಜಧಾನಿಯ ಬೀದಿಗಳಲ್ಲಿ ನಡೆದಿರಲಿಲ್ಲ. ಆದರೂ 1998ರಲ್ಲಿ ಅವರು ಆಡಳಿತಾಧಿಕಾರವನ್ನು ಚುನಾಯಿತ ಮಂತ್ರಿಮಂಡಲಕ್ಕೆ ವಹಿಸಿದರು. 2001ರಲ್ಲಿ ಸಂವಿಧಾನದ ರಚನೆಗೆ ಅಪ್ಪಣೆ ಕೊಟ್ಟರು. ಅದರ ಕರಡು ಸಿದ್ಧವಾದಾಗ ದೇಶದ ಇಪ್ಪತ್ತು ಜಿಲ್ಲೆಗಳಲ್ಲಿಯೂ ಜನರ ಮುಂದೆ ಚರ್ಚೆ ನಡೆಯಿತು. ನಮಗೆ ದೊರೆಯೇ ಸಾಕು, ಚುನಾವಣೆ ಬೇಡ ಎಂದವರೇ ಆ ಸಭೆಗಳಲ್ಲಿ ಬಹಳ ಮಂದಿ. ಅರಸನು ಬರುವುದು ಹುಟ್ಟಿನಿಂದ, ಯೋಗ್ಯತೆಯಿಂದಲ್ಲ. ಒಂದು ನಾಡಿನ ಹಣೆಬರಹವನ್ನು ಹಾಗೆ ಒಬ್ಬ ವ್ಯಕ್ತಿಗೆ ಒಪ್ಪಿಸಿಬಿಡುವುದು ಸರಿಯಲ್ಲ ಎಂಬುದು ದೊರೆಯ ವಾದವಾಗಿತ್ತು. 2006ರ ಡಿಸೆಂಬರಿನಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅವರು ಮಗನಿಗೆ ಪಟ್ಟ ಬಿಟ್ಟುಕೊಟ್ಟರು. 2008ರ ಮಾರ್ಚಿನಲ್ಲಿ ರಾಷ್ಟ್ರೀಯ ಸಭೆಗೆ ಮೊದಲ ಚುನಾವಣೆ ನಡೆಯಿತು. ಜುಲೈಯಲ್ಲಿ ಸಂವಿಧಾನ ಜಾರಿಗೆ ಬಂತು.

ಆ ಸಂವಿಧಾನದ ಎರಡು ವಿಧಿಗಳು ಗಮನಾರ್ಹವಾಗಿವೆ. ದೊರೆಗೆ 65 ವರ್ಷ ತುಂಬಿದಾಗ ಅವರು ಸಿಂಹಾಸನದಿಂದ ನಿವೃತ್ತರಾಗಬೇಕು. ದೊರೆ ಬೇಕೆಂದೇ ಸಂವಿಧಾನವನ್ನು ಉಲ್ಲಂಘಿಸಿದರೆ ಸಂಸತ್ತು ನಾಲ್ಕರಲ್ಲಿ ಮೂರು ಪಾಲು ಬಹುಮತದಿಂದ ನಿರ್ಣಯ ಮಾಡಿ, ಜನಮತಗಣನೆಯ ಒಪ್ಪಿಗೆ ಪಡೆದು, ಅವರನ್ನು ಕೆಳಗಿಳಿಸಬಹುದು. ತನ್ನನ್ನು ಇಳಿಸುವ ಏಣಿಯನ್ನು ಅರಸನೇ ಮಾಡಿಸಿಟ್ಟಂತಾಯಿತು. ಅಂದಿನಿಂದ 2013, 2018 ಮತ್ತು 2024ರಲ್ಲಿ ಅಲ್ಲಿ ಆಳುವ ಪಕ್ಷ ಮತದಿಂದಲೇ ಬದಲಾಗಿದೆ. ದೊರೆ ಮಾತ್ರ ಜನರ ಗೌರವಕ್ಕೆ ಪಾತ್ರರಾಗಿ ಉಳಿದಿದ್ದಾರೆ. ಅಧಿಕಾರವನ್ನು ಕಬಳಿಸಹೋದ ಅರಸೊತ್ತಿಗೆ ಅಳಿಯಿತು. ಕೇಳುವ ಮುನ್ನವೇ ಬಿಟ್ಟುಕೊಟ್ಟದ್ದು ಉಳಿಯಿತು.

ಹಾಗಾದರೆ ಒಳ್ಳೆಯ ದೊರೆ ಸಿಕ್ಕಿದರೆ ಸಾಕೇ? ಸಾಲದು. ಭೂತಾನದ ಚರಿತ್ರೆಯೇ ಇದಕ್ಕೂ ಸಾಕ್ಷಿ. 1990ರ ದಶಕದ ಆರಂಭದಲ್ಲಿ, ಇದೇ ದೊರೆಯ ಆಳ್ವಿಕೆಯಲ್ಲಿ, ನೇಪಾಳಿ ಭಾಷೆಯನ್ನಾಡುವ ಸುಮಾರು ಒಂದು ಲಕ್ಷ ಜನ ದಕ್ಷಿಣ ಭೂತಾನದ ತಮ್ಮ ಮನೆಮಾರುಗಳನ್ನು ಬಿಟ್ಟು ನೇಪಾಳದ ನಿರಾಶ್ರಿತರ ಶಿಬಿರಗಳನ್ನು ಸೇರಬೇಕಾಯಿತು. ಅವರಲ್ಲಿ ಹೆಚ್ಚಿನವರು ಹಲವು ವರ್ಷಗಳ ಬಳಿಕ ಅಮೆರಿಕ ಮೊದಲಾದ ದೂರದ ದೇಶಗಳಲ್ಲಿ ನೆಲೆ ಕಂಡುಕೊಂಡರು. ಆಗ ಅವರ ಪರವಾಗಿ ಅರಮನೆಯನ್ನು ಪ್ರಶ್ನಿಸಬಲ್ಲ ವಿರೋಧಪಕ್ಷವಾಗಲಿ ಸ್ವತಂತ್ರ ಪತ್ರಿಕೆಯಾಗಲಿ ಆ ದೇಶದಲ್ಲಿರಲಿಲ್ಲ. ಉದಾರಿಯಾದ ದೊರೆಯ ಕಾಲದಲ್ಲಿಯೂ ಒಂದು ಜನಸಮುದಾಯದ ಮೊರೆ ಕೇಳದೆ ಹೋಗಬಹುದು. ಆದುದರಿಂದ ‘ದೊರೆ ಒಳ್ಳೆಯವನೇ?’ ಎಂದು ಕೇಳುವುದರಲ್ಲಿ ನಮ್ಮ ವಿಚಾರ ಮುಗಿಯಬಾರದು. ‘ತಪ್ಪಾದಾಗ ಅವನನ್ನು ಕೇಳುವವರಾರು?’ ಎಂಬುದೇ ಮುಖ್ಯವಾದ ಪ್ರಶ್ನೆ.

ಇಂಗ್ಲೆಂಡ್ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಶತಮಾನಗಳನ್ನೇ ತೆಗೆದುಕೊಂಡಿತು. 1689ರ ಹಕ್ಕುಗಳ ಶಾಸನ ಪಾರ್ಲಿಮೆಂಟನ್ನು ಮೇಲುಮಾಡಿತು. ಪಾರ್ಲಿಮೆಂಟು ಒಪ್ಪಿದ ಮಸೂದೆಗೆ ಅಲ್ಲಿನ ದೊರೆತನ ಅಂಕಿತವನ್ನು ನಿರಾಕರಿಸಿದ್ದು 1708ರಲ್ಲಿಯೇ ಕಡೆ. ಜಪಾನಿನ 1947ರ ಸಂವಿಧಾನ ಚಕ್ರವರ್ತಿಯನ್ನು ರಾಷ್ಟ್ರದ ಸಂಕೇತವೆಂದು ಮಾತ್ರ ಕರೆಯಿತು. ಇಲ್ಲೆಲ್ಲ ಕಿರೀಟವುಂಟು, ಖಡ್ಗವಿಲ್ಲ. ಪಕ್ಷಗಳ ಜಗಳಕ್ಕೆ ಹೊರತಾಗಿ ಇಡೀ ನಾಡಿಗೆ ಒಂದು ಗುರುತಾಗಿ ನಿಲ್ಲುವುದೇ ಆ ದೊರೆಗಳ ಕೆಲಸ. ಸೌದಿ ಅರೇಬಿಯ, ಬ್ರೂನೈಗಳಲ್ಲಿ ಪೂರ್ಣಾಧಿಕಾರದ ಅರಸರು ಇಂದಿಗೂ ಇದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಅಲ್ಲಿ ಎಣ್ಣೆಯ ಸಂಪತ್ತು ಅರಮನೆಗೆ ಆಸರೆಯಾಗಿದೆ. ಆದರೆ ಆ ಸಂಪತ್ತು ಪ್ರಜೆಗೆ ಸೌಕರ್ಯವನ್ನು ಕೊಟ್ಟೀತೇ ಹೊರತು, ಲೆಕ್ಕ ಕೇಳುವ ಹಕ್ಕನ್ನು ಕೊಟ್ಟಿಲ್ಲ.

ಕನ್ನಡಿಗರಾದ ನಮಗೆ ಈ ವಿಚಾರ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ವಿಶ್ವವಿದ್ಯಾನಿಲಯ, ಅಣೆಕಟ್ಟು, ಕಾರ್ಖಾನೆಗಳನ್ನು ನಾಡು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಅಂಥ ಆಳ್ವಿಕೆಯಲ್ಲಿಯೂ 1938ರಲ್ಲಿ ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜಕ್ಕಾಗಿ ಸೇರಿದ ಜನರ ಮೇಲೆ ಗೋಲಿಬಾರ್ ನಡೆಯಿತೆಂಬುದನ್ನೂ ನಾವು ಮರೆಯಬಾರದು. 1947ರಲ್ಲಿ ದೇಶ ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಬೇಕಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಜಯಚಾಮರಾಜ ಒಡೆಯರು ಹೊಸ ವ್ಯವಸ್ಥೆಗೆ ಹೊಂದಿಕೊಂಡು ಮೊದಲು ರಾಜಪ್ರಮುಖರಾಗಿ, 1956ರಿಂದ ರಾಜ್ಯಪಾಲರಾಗಿ ಸಂವಿಧಾನಕ್ಕೆ ಅಧೀನವಾದ ಪದವಿಯನ್ನು ಘನತೆಯಿಂದ ನಿರ್ವಹಿಸಿದರು. 1971ರ ಇಪ್ಪತ್ತಾರನೆಯ ತಿದ್ದುಪಡಿಯಿಂದ ರಾಜಧನವೂ ನಿಂತಿತು. ಆ ಮನೆತನದವರು ಮುಂದೆ ಲೋಕಸಭೆಯ ಚುನಾವಣೆಗಳಲ್ಲಿ ಜನರ ಮುಂದೆ ನಿಂತು ಮತ ಕೇಳಿದರು. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಹಿಂದೆ ದಸರೆಯ ಜಂಬೂಸವಾರಿಯಲ್ಲಿ ಅರಸರು ಕುಳಿತು ಬರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಇಂದು ಚಾಮುಂಡೇಶ್ವರಿಯ ವಿಗ್ರಹ ಬಿಜಯಮಾಡುತ್ತದೆ. ಹಬ್ಬ ಉಳಿಯಿತು, ಬೆಡಗು ಉಳಿಯಿತು. ಆಳುವ ಹಕ್ಕು ಮಾತ್ರ ಜನರ ಕೈಗೆ ಬಂತು. ಇದರಿಂದ ಯಾರ ಗೌರವಕ್ಕೂ ಕುಂದುಂಟಾಗಲಿಲ್ಲ.

ಪ್ರಜಾಪ್ರಭುತ್ವ ಬಂದೊಡನೆ ಕಷ್ಟಗಳೆಲ್ಲ ತೀರಿದುವೆಂದು ಇದರ ಅರ್ಥವಲ್ಲ. ಗಣರಾಜ್ಯವಾದ ಮೇಲೆ ನೇಪಾಳದಲ್ಲಿ ಸರ್ಕಾರಗಳು ಮೇಲಿಂದ ಮೇಲೆ ಉರುಳಿದವು. ಲಂಚ, ನಿರುದ್ಯೋಗಗಳಿಂದ ಬೇಸತ್ತ ಕೆಲವರು 2025ರ ಮಾರ್ಚಿನಲ್ಲಿ ಕಠ್ಮಂಡುವಿನ ಬೀದಿಗಳಲ್ಲಿ ರಾಜನೇ ಮರಳಿ ಬರಲಿ ಎಂದು ಕೂಗಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುವಜನರ ಪ್ರತಿಭಟನೆ ಭುಗಿಲೆದ್ದು, ಅನೇಕರು ಪ್ರಾಣ ಕಳೆದುಕೊಂಡು, ಸಂಸತ್ ಭವನಕ್ಕೆ ಬೆಂಕಿ ಬಿದ್ದು, ಪ್ರಧಾನಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಆ ಬಿಕ್ಕಟ್ಟಿನಲ್ಲಿ ಕೂಡ ದೇಶ ಅರಮನೆಯ ಬಾಗಿಲು ತಟ್ಟಲಿಲ್ಲ. ಮಾಜಿ ಮುಖ್ಯ ನ್ಯಾಯಾಧೀಶೆಯೊಬ್ಬರಿಗೆ ಮಧ್ಯಂತರ ಸರ್ಕಾರದ ಹೊಣೆಯನ್ನು ಒಪ್ಪಿಸಿ, ಹೊಸ ಚುನಾವಣೆಯ ದಿನವನ್ನು ಗೊತ್ತುಮಾಡಿತು.

ಬೇಸರದ ಗಳಿಗೆಯಲ್ಲಿ ‘ಒಬ್ಬ ಗಟ್ಟಿ ರಾಜನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು’ ಎಂಬ ಮಾತು ನಮ್ಮಲ್ಲಿಯೂ ಕೇಳಿಬರುವುದುಂಟು. ಹಾಗೆ ಹೇಳುವವರು ತಮ್ಮ ಮನಸ್ಸಿನಲ್ಲಿ ಯಾವಾಗಲೂ ಒಳ್ಳೆಯ ರಾಜನನ್ನೇ ಕಲ್ಪಿಸಿಕೊಂಡಿರುತ್ತಾರೆ. ಅವನ ಮಗ ಹೇಗಿದ್ದಾನು, ಮೊಮ್ಮಗ ಹೇಗಿದ್ದಾನು ಎಂದು ಯೋಚಿಸುವುದಿಲ್ಲ. ಕೆಟ್ಟ ಮಂತ್ರಿಯನ್ನು ಐದು ವರ್ಷ ಸಹಿಸಿ ಮತದಿಂದ ಇಳಿಸಬಹುದು. ಕೆಟ್ಟ ಅರಸನನ್ನು ಇಳಿಸಲು ನಾಡು ನೆತ್ತರು ಸುರಿಸಬೇಕಾಗುತ್ತದೆ. ನೆಗಡಿಯಾದರೆ ಮೂಗನ್ನೇ ಕೊಯ್ದುಕೊಳ್ಳುವವರುಂಟೇ?

ಅರಸೊತ್ತಿಗೆಯ ಭವಿಷ್ಯ ಇನ್ನು ಮುಂದೆ ಅರಮನೆಯ ಗೋಡೆಗಳ ಎತ್ತರವನ್ನು ಅವಲಂಬಿಸಿರುವುದಿಲ್ಲ. ಅಧಿಕಾರದ ಹಂಬಲ ತೊರೆದು ಜನರ ಆದರವನ್ನೇ ಆಸ್ತಿಯಾಗಿ ಮಾಡಿಕೊಂಡ ಕಿರೀಟಗಳು ಇನ್ನೂ ಕೆಲವು ಕಾಲ ಹೊಳೆಯಬಹುದು. ಉಳಿದವು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯನ್ನು ಸೇರುತ್ತವೆ. ಆದರೆ ಕಿರೀಟ ಹೋದೊಡನೆ ರಾಜನ ದರ್ಪವೂ ಹೋಯಿತೆಂದು ನಂಬಬೇಕಾಗಿಲ್ಲ. ಮತ ಪಡೆದು ಬಂದವನೂ ಪ್ರಶ್ನೆಯನ್ನು ಸಹಿಸದಿದ್ದರೆ ಅವನು ಕಿರೀಟವಿಲ್ಲದ ಅರಸನೇ ಸರಿ. ಪ್ರಶ್ನಿಸುವುದನ್ನು ಬಿಟ್ಟ ಪೌರನೂ ಕಥೆಯೊಳಗಿನ ಹಳೆಯ ಪ್ರಜೆಯೇ ಸರಿ. ‘ಯಥಾ ರಾಜಾ ತಥಾ ಪ್ರಜಾ’ ಎಂದು ಹಿಂದಿನವರು ಹೇಳುತ್ತಿದ್ದರು. ಈಗ ಆ ಮಾತು ತಿರುಗಿದೆ: ಪ್ರಜೆಗಳು ಹೇಗೋ ಅವರನ್ನು ಆಳುವವರೂ ಹಾಗೆಯೇ. ಇನ್ನು ಕೆಲವೇ ವರ್ಷಗಳಲ್ಲಿ ಮತ ಹಾಕಲಿರುವ ನೀವು ಈ ಮಾತಿನ ಹೊಣೆಯನ್ನು ಇಂದಿನಿಂದಲೇ ಅರಿತುಕೊಳ್ಳಬೇಕು.