ಯಾರ ಮೊಳ ಸ್ವಾಮಿ?

ಮೊನ್ನೆ ಆಫೀಸಿನಲ್ಲಿ ಒಂದು ಸಣ್ಣ ಜಗಳ ಆಯ್ತು. ಆಡಿದ್ದು ನಾನೇ, ಒಪ್ಕೋತೀನಿ.

ಹೊಸದಾಗಿ ಸೇರಿದ ಹುಡುಗನೊಬ್ಬನ ಕೋಡ್ ನೋಡ್ತಾ ಇದ್ದೆ. ಪಂಪಿನ ಒತ್ತಡದ ಲೆಕ್ಕ. ವೇರಿಯಬಲ್ಲಿನ ಹೆಸರು ಬರೀ 'ಪ್ರೆಶರ್'. "ಯಾವ ಯೂನಿಟ್ಟಪ್ಪಾ ಇದು?" ಅಂದೆ. "ಬಾರ್ ಸಾರ್, ಎಲ್ರಿಗೂ ಗೊತ್ತಲ್ಲ" ಅಂದ. ಪಕ್ಕದಲ್ಲಿದ್ದ ಸೀನಿಯರ್ ಒಬ್ಬರು ತಲೆ ಎತ್ತಿ, "ಇಲ್ವಲ್ಲೋ, ಅವರು ಕಳಿಸೋ ಫೈಲಲ್ಲಿ ಪಿಎಸ್‌ಐ ಇರುತ್ತೆ" ಅಂದ್ರು. ಒಂದು ಬಾರ್ ಅಂದ್ರೆ ಸುಮಾರು ಹದಿನಾಲ್ಕೂವರೆ ಪಿಎಸ್‌ಐ. 'ಎಲ್ರಿಗೂ ಗೊತ್ತು' ಅನ್ನೋದರ ಬೆಲೆ ಇಷ್ಟೇ ನೋಡಿ!

ಹೆಸರು ಬದಲಾಯಿಸಿ ಅಂದೆ. "ಒಂದು ಕಾಮೆಂಟ್ ಹಾಕಿದ್ರೆ ಸಾಕು ಬಿಡ್ರಿ" ಅಂತ ಉತ್ತರ ಬಂತು. ನನಗೆ ರೇಗಿದ್ದು ಅಲ್ಲೇ.

ಈ ಮಾತು ಎತ್ತಿದಾಗಲೆಲ್ಲ ಜನ ನಾಸಾದ ಕಥೆ ಹೇಳಿ ನಗ್ತಾರೆ. ಮಾರ್ಸ್ ಕ್ಲೈಮೇಟ್ ಆರ್ಬಿಟರ್, 1998ರ ಡಿಸೆಂಬರ್‌ನಲ್ಲಿ ಹೊರಟು 1999ರ ಸೆಪ್ಟೆಂಬರ್ 23ರಂದು ಮಂಗಳನ ಹತ್ತಿರ ಕಳೆದುಹೋದ ನೌಕೆ. ಲಾಕ್‌ಹೀಡ್ ಮಾರ್ಟಿನ್‌ನವರ ಸಾಫ್ಟ್‌ವೇರ್ ನೌಕೆಯ ಸಣ್ಣ ಸಣ್ಣ ಥ್ರಸ್ಟರ್‌ಗಳ ತಳ್ಳಾಟವನ್ನ ಪೌಂಡ್-ಸೆಕೆಂಡಿನಲ್ಲಿ ಬರೆದು ಕಳಿಸ್ತು. ನಾಸಾದ ಕಡೆಯವರು ಅದನ್ನ ನ್ಯೂಟನ್-ಸೆಕೆಂಡ್ ಅಂತ ಓದಿಕೊಂಡ್ರು. ವ್ಯತ್ಯಾಸ 4.45 ಪಟ್ಟು. ಒಂಬತ್ತು ತಿಂಗಳು ಅದು ಹನಿ ಹನಿಯಾಗಿ ಸೇರ್ತಾ ಹೋಗಿ, 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ ಸುಮಾರು 57 ಕಿ.ಮೀ.ಗೆ ಇಳಿದುಬಿಟ್ಟಿತ್ತು.

"ಅಷ್ಟು ದೊಡ್ಡ ವಿಜ್ಞಾನಿಗಳಿಗೆ ಗುಣಾಕಾರ ಬರಲ್ವಾ?" ಅಂತ ನಗೋರು ಒಂದು ವಿಷಯ ಮರೀತಾರೆ. ನ್ಯೂಟನ್ನಿನಲ್ಲೇ ಕೊಡಬೇಕು ಅಂತ ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿತ್ತು! ಕಾಗದ ಕಾಗದದ ಜಾಗದಲ್ಲಿತ್ತು, ಅಂಕಿ ಮಾತ್ರ ಬೆತ್ತಲೆಯಾಗಿ ಹೋಯ್ತು. ನಮ್ಮ ಆಫೀಸಿನ ಕಾಮೆಂಟಿನ ಹಣೆಬರಹವೂ ಅದೇ. ಕಾಮೆಂಟನ್ನ ಕಂಪೈಲರ್ ಓದಲ್ಲ, ಮುಂದಿನ ಫೈಲಿಗೆ ಅದು ಹೋಗೋದೂ ಇಲ್ಲ.

ಇನ್ನೊಂದು, 1983ರ ಜುಲೈದು. ಏರ್ ಕೆನಡಾದ ಹೊಸ ಬೋಯಿಂಗ್ 767. ಇಂಧನದ ಮಾಪಕ ಕೆಟ್ಟಿತ್ತು, ಕಡ್ಡಿ ಹಾಕಿ ಲೀಟರ್ ಅಳೆದು ತೂಕಕ್ಕೆ ಬದಲಾಯಿಸಿದ್ರು. ಬಳಸಿದ ಅಂಕಿ 1.77. ಅದು ಲೀಟರಿಗೆ ಎಷ್ಟು ಪೌಂಡ್ ಅನ್ನೋದು; ಬೇಕಾಗಿದ್ದದ್ದು ಕಿಲೋದ 0.8. ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಹಾರಿದ ವಿಮಾನದ ಎರಡೂ ಎಂಜಿನ್ ಆಕಾಶದಲ್ಲೇ ನಿಂತುಹೋದವು. ಪೈಲಟ್‌ಗಳು ಅದನ್ನ ತೇಲಿಸಿಕೊಂಡೇ ಗಿಮ್ಲಿ ಅನ್ನೋ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದ್ರು. 69 ಜನ ಬದುಕಿದ್ರು. ಇಲ್ಲೂ ಗುಣಾಕಾರ ಸರಿಯಾಗೇ ಇತ್ತು!

ಅದಕ್ಕೇ ಹೇಳೋದು, "ಹುಷಾರಾಗಿ ಕನ್ವರ್ಟ್ ಮಾಡಿ" ಅನ್ನೋ ಬುದ್ಧಿವಾದ ದಂಡ. ಹುಷಾರಾಗಿರೋ ಮನುಷ್ಯನಿಗೂ ಶುಕ್ರವಾರ ಸಂಜೆ ಅಂತ ಒಂದು ಇರುತ್ತೆ. ಯೂನಿಟ್ಟನ್ನ ಹೆಸರಿನಲ್ಲೇ ಹಾಕಿ: 'ಪ್ರೆಶರ್_ಬಾರ್'. ಹೊರಗಿಂದ ಬಂದ ಅಂಕಿಯನ್ನ ಬಾಗಿಲಲ್ಲೇ ಒಂದು ಸಲ ಬದಲಾಯಿಸಿ, ಚಪ್ಪಲಿ ಹೊರಗೆ ಬಿಟ್ಟ ಹಾಗೆ. ಒಳಗೆಲ್ಲ ಒಂದೇ ಯೂನಿಟ್ ಓಡಾಡಲಿ. ಆದರೆ ಟೈಪನ್ನೇ ಬಳಸಿ. ಎಫ್ ಶಾರ್ಪ್‌ನಲ್ಲಿ ಅದು ಭಾಷೆಯ ಒಳಗೇ ಇದೆ, ಸಿ ಪ್ಲಸ್ ಪ್ಲಸ್‌ನವರಿಗೆ ಬೂಸ್ಟ್ ಯೂನಿಟ್ಸ್ ಇದೆ. ಅಡಿಗೆ ಕಿಲೋ ಕೂಡಿಸಿದ್ರೆ ಕಂಪೈಲರೇ ಬೈಯುತ್ತೆ. ನಾನು ಬೈದರೆ ಜಗಳ, ಅದು ಬೈದರೆ ಎಲ್ರೂ ತೆಪ್ಪಗೆ ತಿದ್ದುತ್ತಾರೆ.

ನಮ್ಮಮ್ಮ ಹೂವಿನವಳ ಹತ್ರ "ಎರಡು ಕೊಡಮ್ಮ" ಅಂತ ಯಾವತ್ತೂ ಕೇಳಿದವಳಲ್ಲ. "ಎರಡು ಮೊಳ" ಅಂತಾಳೆ. ಅಷ್ಟೇ ಅಲ್ಲ, ಅಳೆಯೋವಾಗ "ಯಾರ ಮೊಳ, ನಿಂದೋ ನಂದೋ?" ಅಂತ ತಗಾದೆ ಬೇರೆ ತೆಗೀತಾಳೆ. ಹತ್ತು ರೂಪಾಯಿ ಹೂವಿಗೆ ಇರೋ ಈ ಎಚ್ಚರ ಕೋಟಿಗಟ್ಟಲೆ ಬೆಲೆಯ ಯಂತ್ರ ನಡೆಸೋ ಕೋಡಿಗೆ ಬೇಡವಾ?

ಅಂದಹಾಗೆ, ಆ ಹುಡುಗ ಸಂಜೆ ಸದ್ದಿಲ್ಲದೆ ಹೆಸರು ಬದಲಾಯಿಸಿದ. ಸೀನಿಯರ್ ಇನ್ನೂ ಮುನಿಸಿಕೊಂಡಿದ್ದಾರೆ. ಕೋಡ್ ಬರೆಯೋ ಬ್ಲಾಗಿಗರೇ, ನಿಮ್ಮದನ್ನೂ ಒಮ್ಮೆ ತೆಗೆದು ನೋಡಿ. ಎಷ್ಟು ಅಂಕಿಗಳು ಬೆತ್ತಲೆ ಓಡಾಡ್ತಿವೆ, ಹೇಳಿ ನೋಡೋಣ?