ಗಿಡಕ್ಕೆ ರೋಗ ಬಂದ್ರೆ ಗ್ರೂಪಿಗೆ ಫೋಟೋ, ಗೆಳೆಯನಿಗೆ ಬಂದ್ರೆ?

ಮೆಣಸಿನ ಗಿಡದ ಎಲೆ ಮುದುಡಿದರೆ ಸಾಕು, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ. ಹತ್ತು ನಿಮಿಷದಲ್ಲಿ ಹತ್ತು ಸಲಹೆ ಬರುತ್ತೆ. ಆದರೆ ಪಕ್ಕದ ಹೊಲದ ಗೆಳೆಯ ಬೆಳಿಗ್ಗೆಯೇ ಕುಡಿದು ಬದುವಿನ ಮೇಲೆ ಮಲಗಿದ್ರೆ, ಅಥವಾ ತಿಂಗಳಿಂದ ಯಾರ ಜೊತೆಗೂ ಮಾತಾಡದೆ ಮೂಲೆ ಹಿಡಿದು ಕೂತಿದ್ರೆ, 'ಅವನ ಹಣೆಬರಹ ಬಿಡು' ಅಂತ ಮುಂದೆ ಹೋಗ್ತೀವಿ.

ನಮ್ಮೂರಿನ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಕಥೆ ಕೇಳಿ. ಮನೆಯವರು ಸಾಲ ಮಾಡಿ ಅವನನ್ನ ಪಟ್ಟಣದ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ಒಂದು ತಿಂಗಳಾದ ಮೇಲೆ ಮುಖದಲ್ಲಿ ಕಳೆ ತುಂಬಿಕೊಂಡು ಬಂದ. ಬಂದ ದಿನ ಸಂಜೆಯೇ ನಾವು ಗೆಳೆಯರು, 'ಏನೋ, ದೊಡ್ಡ ಮನುಷ್ಯ ಆಗ್ಬಿಟ್ಯಾ? ಒಂದೇ ಪೆಗ್ಗು ಬಾರೋ' ಅಂದ್ವಿ. ಹದಿನೈದು ದಿನದಲ್ಲಿ ಮತ್ತೆ ಹಳೇ ದಾರಿ ಹಿಡಿದ. ಊರೆಲ್ಲ ಆ ಕೇಂದ್ರವನ್ನ ಬೈದರು. ನನ್ನ ಕೇಳಿದ್ರೆ ತಪ್ಪು ನಮ್ಮ ಕಟ್ಟೆಯದು.

ನರ್ಸರಿಯಲ್ಲಿ ಸಸಿ ಎಷ್ಟೇ ಚೆನ್ನಾಗಿ ಬಂದಿರಲಿ, ನಾಟಿ ಮಾಡಿದ ಮೇಲೆ ನೀರು ಬಿಡದಿದ್ರೆ ಒಣಗುತ್ತೆ. ಚಿಕಿತ್ಸೆಯೂ ಹಾಗೇ. ಶುರುವಾಗೋದು ಆಸ್ಪತ್ರೆಯಲ್ಲಿ, ಬೇರು ಬಿಡೋದು ಊರಿನಲ್ಲಿ.

ಇದು ಹೊಸ ಮಾತೇನಲ್ಲ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಮಾತ್ರೆ, ಸಲಹೆ ಸಿಗುವಂತೆ ಮಾಡಿತ್ತು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ಈಗ ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಯೋಜನೆಯಡಿ ಗೊತ್ತುಪಡಿಸಿದ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರ್ತಾರೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ಅಂದ್ರೆ ಸೌಲಭ್ಯ ಇದೆ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗೋ ಗೆಳೆಯ ಇಲ್ಲ. ಅದು ನಮ್ಮ ಕೆಲಸ. ಹೇಗೆ ಅಂತೀರಾ?

1. ಯಾವ ಮಂಗಳವಾರ ವೈದ್ಯರು ಬರ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನ ಕೇಳಿ, ನೀವೇ ಜೊತೆಗೆ ಹೋಗಿ. ಚೆನ್ನಾಗಾಯ್ತು ಅಂತ ಮಾತ್ರೆ ತಾವಾಗೇ ನಿಲ್ಲಿಸದಂತೆ ನೋಡ್ಕೊಳ್ಳಿ.

2. ವರ್ಷಗಟ್ಟಲೆ ದಿನಾ ಕುಡಿಯುವವರಿಗೆ 'ಇವತ್ತೇ ಬಿಡು' ಅಂತ ಹಠ ಹಿಡಿಯಬೇಡಿ. ಒಮ್ಮೆಲೇ ನಿಲ್ಲಿಸಿದ್ರೆ ಕೈಕಾಲು ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯ ಆಗಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಊಟದಲ್ಲಿ ಗುಟ್ಟಾಗಿ ಪುಡಿ ಬೆರೆಸೋದಂತೂ ಬೇಡವೇ ಬೇಡ.

3. ಕೂಲಿ ಜೊತೆ ಕ್ವಾರ್ಟರ್ ಕೊಡೋ ಪದ್ಧತಿ ನಿಲ್ಲಿಸಿ. ಆಳು ಸಿಗಲ್ಲ ಅನ್ನೋ ನೆಪ ನನಗೂ ಗೊತ್ತು. ಆದರೆ ನಾವು ಕೊಡೋ ಆ ಬಾಟಲಿಯೇ ಒಬ್ಬರ ಮನೆ ಹಾಳು ಮಾಡ್ತಿರುತ್ತೆ.

4. ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನ ಬೀಗ ಹಾಕಿಡಿ. ಮನಸ್ಸು ಕುಸಿದವರು ಇರೋ ಮನೆಯಲ್ಲಿ ಅವನ್ನ ಇಡಲೇಬೇಡಿ, ಬೇರೆ ಕಡೆ ಸಾಗಿಸಿ. ದುಡುಕಿನ ಆ ಕೆಲವು ನಿಮಿಷ ಡಬ್ಬಿ ಕೈಗೆ ಸಿಗದಿದ್ರೆ ಎಷ್ಟೋ ಜೀವ ಉಳಿಯುತ್ತೆ.

5. ಯಾರಾದ್ರೂ ವಿಷ ಕುಡಿದಿದ್ರೆ ಕೇಸ್ ಆಗುತ್ತೆ ಅಂತ ಹೆದರಿ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನ ತೀವ್ರ ಒತ್ತಡದಲ್ಲಿರುವವರು ಅಂತಲೇ ನೋಡುತ್ತೆ. ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ.

'ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗಬಾರದಾ?' ಅಂತ ಕೆಲವರು ಕೇಳಬಹುದು. ಹೋಗಲಿ, ಮನಸ್ಸಿಗೆ ಧೈರ್ಯ ಬರುತ್ತೆ. ಮಾತ್ರೆ ಮಾತ್ರ ತಪ್ಪಿಸಬಾರದು.

ಆ ಡ್ರೈವರ್ ಈಗ ಮತ್ತೆ ಚಿಕಿತ್ಸೆಗೆ ಒಪ್ಪಿದ್ದಾನೆ. ಈ ಸಲ ಸಂಜೆ ಹೊತ್ತು ನಾವು ಸರದಿ ಪ್ರಕಾರ ಅವನ ಜೊತೆ ಇರೋದು ಅಂತ ಮಾತಾಡಿಕೊಂಡಿದ್ದೀವಿ. ಕಟ್ಟೆಯಲ್ಲಿ ಟೀ ಮಾತ್ರ. ಏನಾಗುತ್ತೋ ನೋಡೋಣ. ನೀವು ಈಗಲೇ 14416 ಸೇವ್ ಮಾಡ್ಕೊಳ್ಳಿ, ಇವತ್ತು ಸಂಜೆ ಒಬ್ಬ ಗೆಳೆಯನ ಮನೆ ಬಾಗಿಲು ತಟ್ಟಿ.