ಒಂದೇ ಕಾಲಂ, ಹಲವು ಬದುಕು

ಬ್ರಿಟನ್ನಿನಲ್ಲಿ ವಲಸಿಗರ ವೈವಿಧ್ಯವನ್ನು ಬಹುಕಾಲ ಅಳೆದದ್ದು ಜನಾಂಗ ಮತ್ತು ಮೂಲ ದೇಶದ ಲೆಕ್ಕದಲ್ಲಿ. ಅದು ಸಾಲದು ಎಂದು 2007ರಲ್ಲಿ ಮಾನವಶಾಸ್ತ್ರಜ್ಞ ಸ್ಟೀವನ್ ವರ್ಟೊವೆಕ್ ‘ಅತಿವೈವಿಧ್ಯ’ದ ಪರಿಕಲ್ಪನೆ ಮುಂದಿಟ್ಟರು. ಒಂದೇ ಮೂಲದವರ ಒಳಗೂ ಕಾನೂನಿನ ಸ್ಥಾನಮಾನ, ಲಿಂಗ, ವಯಸ್ಸು, ಕೆಲಸದಂಥ ಹಲವು ಪದರಗಳಿವೆ ಎಂಬುದು ಅದರ ತಿರುಳು. ಅಲ್ಲಿನ ಸೊಮಾಲಿಗಳನ್ನೇ ನೋಡಿ. ಒಬ್ಬರಿಗೆ ಬ್ರಿಟಿಷ್ ಪೌರತ್ವವಿದೆ, ಇನ್ನೊಬ್ಬರು ನಿರಾಶ್ರಿತರು, ಮತ್ತೊಬ್ಬರ ಬಳಿ ದಾಖಲೆಯೇ ಇಲ್ಲ. ಆಶ್ರಯ ಕೋರಿ ಅರ್ಜಿ ಹಾಕಿದವರಿಗಂತೂ ಅದು ಇತ್ಯರ್ಥವಾಗುವವರೆಗೆ ಸಾಮಾನ್ಯವಾಗಿ ದುಡಿಯುವ ಹಕ್ಕೂ ಇಲ್ಲ. ಭಾಷೆ ಒಂದೇ ಆದರೂ ಕೂಲಿ, ಮನೆ, ನಾಳೆಯ ಭರವಸೆ ಬೇರೆ ಬೇರೆ. ಇವರೆಲ್ಲರನ್ನೂ ಒಂದೇ ಕಾಲಂಗೆ ತುರುಕುವ ಅಧ್ಯಯನ ಸರ್ಕಾರದ ದಾರಿ ತಪ್ಪಿಸುತ್ತದೆ. ಪದರಗಳನ್ನು ಎಣಿಸುವ ಭರದಲ್ಲಿ ವರ್ಣಭೇದ ಮರೆಯಾಗಬಾರದೆಂಬ, ಈ ಪರಿಕಲ್ಪನೆಯ ಟೀಕಾಕಾರರ ಎಚ್ಚರಿಕೆಯೂ ನ್ಯಾಯವಾದದ್ದೇ. ಸಮೀಕ್ಷೆಗಳು ಹುಟ್ಟಿದ ದೇಶದ ಜೊತೆಗೆ ಕಾನೂನಿನ ಸ್ಥಾನಮಾನ, ಲಿಂಗ, ವಯಸ್ಸು, ಕೆಲಸ ಇವನ್ನೂ ಒಟ್ಟಿಗಿಟ್ಟು ನೋಡಬೇಕು.